ಉದ್ದನೆಯ ಲೆನ್ಸು, ಸಾವ್ಕಾರ ಹೋರಿ

ಮೊನ್ನೆ ಹಳೆಯ ಕ್ಯಾಮೆರಾ ಚೀಲವನ್ನು ಬಿಚ್ಚಿದಾಗ ಒಳಗಿನಿಂದ ಕೊಬ್ಬರಿಯ ವಾಸನೆ ಬಂತು. ಒಣಗಿ ಸ್ವಲ್ಪ ಕಮಟು ಹಿಡಿದ, ಡಬ್ಬಿಯ ತಳದಲ್ಲಿ ಮರೆತುಹೋದ ಕೊಬ್ಬರಿಯ ವಾಸನೆ. ಕ್ಯಾಮೆರಾ ಚೀಲದಲ್ಲಿ ಕೊಬ್ಬರಿಗೇನು ಕೆಲಸ ಎಂದು ನೀವು ಕೇಳಬಹುದು. ಎದುರು ಕುರ್ಚಿಯಲ್ಲಿ ಕುಳಿತಿದ್ದ ಅಕ್ಕಾವರೂ ಅದನ್ನೇ ಕೇಳಿದರು. ಅಕ್ಕಾವರೆಂದರೆ ಹಿರೇಕೆರೂರು ಕಡೆಯ ಒಂದು ಶಾಲೆಯ ಶಿಕ್ಷಕಿ. ಊರ ಕೆರೆಗೆ ಬರುವ ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು ಹತ್ತಿಸಿಕೊಂಡು, ದೂರದ್ದನ್ನು ಹತ್ತಿರ ತೋರಿಸುವ ಜೂಮ್ ಲೆನ್ಸು ಹುಡುಕುತ್ತ ಹಾನಗಲ್ಲಿನ ನನ್ನ ಸ್ಟುಡಿಯೋವರೆಗೆ ಬಂದಿದ್ದರು. ಹೊಸದು ಅವರ ಕೈಗೆ ಎಟುಕುವಂತಿರಲಿಲ್ಲ. ನನ್ನ ಹಳೆಯದೊಂದು ಕಪಾಟಿನ ಮೇಲೆ ಸುಮ್ಮನೆ ಕುಳಿತಿತ್ತು, ಚೀಲದ ಸಮೇತ ಇಳಿಸಿದೆ.

ವಾಸನೆಯ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಲೆನ್ಸಿನ ಬಗ್ಗೆ ನಾಲ್ಕು ಮಾತು ಹೇಳಿಬಿಡಬೇಕು. ಯಾರಾದರೂ ಏನನ್ನಾದರೂ ಕೊಳ್ಳಲು ಹೊರಟರೆ ನನ್ನಿಂದ ಸುಮ್ಮನಿರಲು ಆಗುವುದಿಲ್ಲ. ನನ್ನ ಹೆಂಡತಿ ಇದನ್ನು ರೋಗ ಎನ್ನುತ್ತಾಳೆ. ಬಸ್ಸಿನಲ್ಲಿ ಪಕ್ಕದವನು ಹೊಸ ಚಪ್ಪಲಿ ಹಾಕಿಕೊಂಡಿದ್ದರೆ, ಎಷ್ಟಕ್ಕೆ ತಂದಿರಿ ಎಂದು ಕೇಳಿ, ಅದೇ ಚಪ್ಪಲಿ ಸವಣೂರಿನಲ್ಲಿ ಎಷ್ಟಕ್ಕೆ ಸಿಗುತ್ತದೆಂದು ಹೇಳಿ, ಅವನ ಮುಖ ಸಣ್ಣದು ಮಾಡಿ, ನನ್ನ ಸ್ಟಾಪು ಬಂದಾಗ ಇಳಿದುಹೋಗುವವನು ನಾನು.

ಉದ್ದ ಲೆನ್ಸು ಕೊಳ್ಳುವವರೆಲ್ಲ ಮೊದಲು ಕೇಳುವುದು, ಇದರಲ್ಲಿ ಚಂದ್ರ ಎಷ್ಟು ದೊಡ್ಡದಾಗಿ ಕಾಣುತ್ತಾನೆ ಎಂದು. ಚಂದ್ರನ ಫೋಟೋ ತೆಗೆಸಲು ಯಾರೂ ದುಡ್ಡು ಕೊಡುವುದಿಲ್ಲ. ನೀವು ಕೇಳಬೇಕಾದದ್ದು, ಸಂಜೆ ಐದೂವರೆಗೆ ಬೆಳಕು ಇಳಿದಾಗ ಇದು ಕೆಲಸ ಮಾಡುತ್ತದೆಯೇ ಎಂದು. ಎರಡನೆಯದು, ಅದನ್ನು ಹತ್ತು ನಿಮಿಷ ಎತ್ತಿ ಹಿಡಿದು ನೋಡಿ. ಅಂಗಡಿಯಲ್ಲಿ ಒಂದು ನಿಮಿಷ ಹಿಡಿದಾಗ ಎಲ್ಲ ಲೆನ್ಸೂ ಹಗುರವೇ. ಹಳೆಯದಾದರೆ ಹಿಂದಿನಿಂದ ಬ್ಯಾಟರಿ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂಥ ಗೆರೆ ಕಂಡರೆ ಅದು ಬೂಷ್ಟು. ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಆಮೇಲೆ ಮೂತಿ ಕೆಳಗೆ ಮಾಡಿ ಹಿಡಿಯಿರಿ. ತನ್ನ ಭಾರಕ್ಕೆ ತಾನೇ ಜಾರಿ ಉದ್ದವಾದರೆ ಒಳಗೆ ಸಡಿಲವಾಗಿದೆ ಎಂದು ತಿಳಿಯಿರಿ. ಬೇಡವೆನ್ನಬೇಡಿ, ಅದನ್ನೇ ತೋರಿಸಿ ಬೆಲೆ ಇಳಿಸಿ.

ಇದನ್ನೆಲ್ಲ ನನಗೆ ಯಾರೂ ಕಲಿಸಲಿಲ್ಲ ಎಂದು ನಾನು ಹೇಳಿಕೊಂಡು ತಿರುಗುತ್ತೇನೆ. ಸವಣೂರು ಬಸ್‌ಸ್ಟ್ಯಾಂಡಿನ ಹತ್ತಿರ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತ ಶುರುಮಾಡಿದವನು. ಕ್ಯಾಮೆರಾದಿಂದ ಕುರ್ಚಿಯವರೆಗೆ ಎಲ್ಲವನ್ನೂ ಚೌಕಾಶಿ ಮಾಡಿಯೇ ಕೂಡಿಸಿದವನು. ಆದರೆ ಈ ಲೆನ್ಸು ಆರಿಸಿದ್ದು ನಾನೊಬ್ಬನೇ ಅಲ್ಲ. ಜೊತೆಗೆ ದ್ಯಾಮಣ್ಣ ಕಾಕಾ ಇದ್ದ.

ದ್ಯಾಮಣ್ಣ ಕಾಕಾ ನನ್ನ ಅವ್ವನ ತವರೂರಾದ ಹತ್ತಿಮತ್ತೂರಿನವನು. ರಕ್ತಸಂಬಂಧವಲ್ಲ, ಅವ್ವನ ಮನೆಯ ಪಕ್ಕದ ಮನೆ. ಎರಡೆಕರೆ ಹೊಲ, ಒಂದು ಹೋರಿ. ಹೋರಿಯ ಹೆಸರು ಸಾವ್ಕಾರ. ಇದೇನು ಹೆಸರು ಎಂದು ಕೇಳಿದವರಿಗೆ ಕಾಕಾ, "ಮನ್ಯಾಗ ಒಬ್ಬರರ ಸಾವ್ಕಾರ ಇರ್ಲಿ ಅಂತ ಇಟ್ಟೇನಿ" ಎನ್ನುತ್ತಿದ್ದ. ದೀಪಾವಳಿ ಕಳೆದ ಮೇಲೆ ಹಾನಗಲ್ಲು, ಸವಣೂರು, ಶಿಗ್ಗಾವಿ, ಹಿರೇಕೆರೂರು, ನಮ್ಮ ಈ ನಾಲ್ಕೂ ತಾಲೂಕುಗಳಲ್ಲಿ ಹೋರಿ ಬೆದರಿಸುವ ಸ್ಪರ್ಧೆಯ ಹಂಗಾಮು. ಹೋರಿಯ ಕೊರಳಿಗೆ, ಬೆನ್ನಿಗೆ ಕೊಬ್ಬರಿ ಸರ ಕಟ್ಟಿ ಜನರ ನಡುವಿನ ಓಣಿಯಂಥ ಅಖಾಡದಲ್ಲಿ ಬಿಡುತ್ತಾರೆ. ಹಿಡಿಯುವವರು ಬೆನ್ನು ಹತ್ತಿ ಆ ಕೊಬ್ಬರಿಯನ್ನು ಹರಿಯಬೇಕು. ಹರಿಗೊಡದೆ ಕೊನೆಯ ಗೆರೆ ದಾಟಿದರೆ ಹೋರಿ ಗೆದ್ದಂತೆ. ಸಾವ್ಕಾರನ ಕೊಬ್ಬರಿಯನ್ನು ಮೂರು ಹಂಗಾಮುಗಳಲ್ಲಿ ಯಾರೂ ಮುಟ್ಟಿರಲಿಲ್ಲ. ಗೆದ್ದು ಬಂದಾಗಲೆಲ್ಲ ಕಾಕಾ ಸರದಿಂದ ಒಂದು ಕೊಬ್ಬರಿ ಗಿಟುಕು ಕಿತ್ತು ನನ್ನ ಕ್ಯಾಮೆರಾ ಚೀಲದೊಳಗೆ ಹಾಕುತ್ತಿದ್ದ. ವಾಸನೆಯ ಮೂಲ ಇದು.

ಆ ದಿನಗಳಲ್ಲಿ ನನ್ನ ಹತ್ತಿರ ಇದ್ದದ್ದು ಮದುವೆಗೆ ಸಾಕಾಗುವ ಗಿಡ್ಡ ಲೆನ್ಸು. ಮದುಮಗನ ಹತ್ತಿರ ನಿಂತಹಾಗೆ ಹೋರಿಯ ಹತ್ತಿರ ನಿಲ್ಲಲು ಬರುವುದಿಲ್ಲ. ಒಮ್ಮೆ ಅಖಾಡದೊಳಗೆ ನುಗ್ಗಿದ್ದೆ, ಒಂದು ಕೋಡು ನನ್ನ ಅಂಗಿಯ ಜೇಬನ್ನು ಮಾತ್ರ ಹರಿದುಕೊಂಡು ಹೋಯಿತು. ಅದೇ ವಾರ ಲೆನ್ಸು ತರಲು ಹುಬ್ಬಳ್ಳಿಗೆ ಹೊರಟೆ. ದೊಡ್ಡ ವ್ಯಾಪಾರಕ್ಕೆ ಒಬ್ಬರೇ ಹೋಗಬೇಡಿ. ಒಬ್ಬ ಬೇಕೆನ್ನಬೇಕು, ಇನ್ನೊಬ್ಬ ಬೇಡ ನಡಿ ಎಂದು ಎಳೆಯಬೇಕು. ಎಳೆಯುವ ಕೆಲಸಕ್ಕೆ ಕಾಕಾನನ್ನು ಕರೆದೆ.

"ಎಷ್ಟ ಹಲ್ಲಿಂದು ತರಾಕ ಹೊಂಟಿ?" ಎಂದು, ಹಲ್ಲು ಎಣಿಸಿ ದನದ ವಯಸ್ಸು ಹೇಳುವವರ ಧಾಟಿಯಲ್ಲಿ ಕೇಳುತ್ತಲೇ ಬಸ್ಸು ಹತ್ತಿದ.

ಅಂಗಡಿಯವರು ಮೂರು ಲೆನ್ಸು ತಂದಿಟ್ಟರು. ಒಂದು ಗಿಡ್ಡ, ಬೆಳಕು ಚೆನ್ನಾಗಿ ಕುಡಿಯುವಂಥದ್ದು, ಬೆಲೆ ಕೇಳಿದರೆ ಕುರ್ಚಿ ಬೇಕೆನ್ನಿಸುವಂಥದ್ದು. ಒಂದು ಹಗುರ, ಅಗ್ಗ. ಮೂರನೆಯದು ಈ ನಮ್ಮದು, ಬಾಳೆದಿಂಡಿನಷ್ಟು ದಪ್ಪ, ಒಬ್ಬರು ಬಳಸಿ ಬಿಟ್ಟದ್ದು. ನಾನು ಇಂಟರ್‌ನೆಟ್ಟಿನಲ್ಲಿ ಓದಿದ್ದನ್ನೆಲ್ಲ ಉದುರಿಸತೊಡಗಿದೆ. ಕಾಕಾ ನನ್ನ ಮೊಣಕೈ ಹಿಡಿದ.

"ಅದೆಲ್ಲ ಇರ್ಲಿ. ನೀ ಎಲ್ಲಿ ನಿಂದರಾಂವ, ಅದನ್ನ ಮೊದಲ ಹೇಳು."

"ಗೆರಿ ಆಚೆ, ಟ್ರ್ಯಾಕ್ಟರ್ ಮ್ಯಾಲೆ."

"ಹೋರಿ?"

"ನನ್ನ ಕಡೇನ ಓಡಿ ಬರ್ತೈತಿ."

"ಹಂಗಾರ ಉದ್ದಂದ ಬೇಕು. ಹೊರಗ ತರ್ರಿ, ಒಂದು ಸುತ್ತ ನಡಸೂಣು" ಎಂದು ಅಂಗಡಿಯವರನ್ನೇ ರಸ್ತೆಗೆ ಹೊರಡಿಸಿದ. ದೂರದ ಬೋರ್ಡು, ದೂರದ ಎಮ್ಮೆ, ಮೂರನೇ ಮಾಳಿಗೆಯಲ್ಲಿ ಒಣಹಾಕಿದ ಸೀರೆ, ಎಲ್ಲ ನೋಡಿದ. ನನಗಿಂತ ಮೊದಲು ಅವನಿಗೇ ಕಂಡಿತು, ಸೀರೆಯ ಅಂಚು ಹರಿದಿದೆ ಎಂದು. ಅಷ್ಟು ಚುರುಕು ಕಣ್ಣು ಅವನದು, ಲೆನ್ಸಿಲ್ಲದೆಯೂ ಕಂಡಿತ್ತೇನೋ. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಅಂಗಡಿಯವರ ಬಲಗೈ ಮೇಲೆ ಹಾಸಿ, ಕೆಳಗೆ ತನ್ನ ಕೈ ತೂರಿಸಿ ಅವರ ಬೆರಳು ಹಿಡಿದ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ, ಟವೆಲಿನ ಕೆಳಗೆ ಬೆರಳಲ್ಲೇ ಹೇಳುತ್ತಾರೆ. ಅಂಗಡಿಯವರಿಗೆ ಇದು ಗೊತ್ತಿರಲಿಲ್ಲ.

"ಯಜಮಾನ್ರ, ಮೈಯಾಗ ಆರಾಮ ಇಲ್ಲೇನ್ರಿ?" ಎಂದರು ಪಾಪ.

ವಿವರಿಸಿದ ಮೇಲೆ ಅವರಿಗೂ ಮೋಜೆನಿಸಿತು. ಟವೆಲಿನ ಕೆಳಗೆ ಏನೇನು ನಡೆಯಿತೋ ನನಗೆ ಕಾಣಲಿಲ್ಲ. ಹೊರಬಂದ ಬೆಲೆ ನಾನೊಬ್ಬನೇ ಮಾತಾಡಿದ್ದರೆ ಬರುತ್ತಿರಲಿಲ್ಲ ಎಂಬುದನ್ನು ಇವತ್ತಿನವರೆಗೆ ನಾನು ಯಾರಿಗೂ ಹೇಳಿಲ್ಲ.

ಆ ಹಂಗಾಮಿನಲ್ಲಿ ತಡಸದ ಕಡೆಯ ಒಂದು ಊರಲ್ಲಿ ಸ್ಪರ್ಧೆ. ನಾನು ಗೆರೆಯ ಆಚೆ ಟ್ರ್ಯಾಕ್ಟರ್ ಮೇಲೆ. ಕಾಕಾ ಗೆರೆಯ ಪಕ್ಕದಲ್ಲಿ, ಸಾವ್ಕಾರ ಬಂದೊಡನೆ ಹಗ್ಗ ಹಿಡಿಯಲು. ಸಾವ್ಕಾರ ಬಿಟ್ಟ ಬಾಣದಂತೆ ಬಂತು. ಹಿಂದೆ ಸವಣೂರು ಕಡೆಯ ಒಬ್ಬ ಗಟ್ಟಿ ಆಳು, ಕೆಂಪು ಬನಿಯನ್ನಿನವನು, ಕೈ ಚಾಚಿ ಓಡುತ್ತಿದ್ದ. ನಾನು ಗುಂಡಿ ಒತ್ತಿ ಹಿಡಿದೆ. ಒಂದೇ ಉಸಿರಿಗೆ ಹನ್ನೆರಡು ಫೋಟೋ. ಧೂಳು ಎಂಥದಿತ್ತೆಂದರೆ ಅಕ್ಕಪಕ್ಕದವರಿಗೆ ಅರ್ಧ ಕಂಡಿತು, ಅರ್ಧ ಇಲ್ಲ. ಧೂಳು ಕೂತಾಗ ನೋಡಿದರೆ ಸಾವ್ಕಾರ ಗೆರೆ ದಾಟಿ ನಿಂತಿದೆ, ಕೊರಳಲ್ಲಿ ಸರವಿಲ್ಲ. ಸರ ಕೆಂಪು ಬನಿಯನ್ನಿನವನ ಕೈಯಲ್ಲಿದೆ. ಅವನ ಗೆಳೆಯರು ಅವನನ್ನು ಎತ್ತಿಕೊಂಡು ಕುಣಿಯುತ್ತಿದ್ದಾರೆ.

"ಹರದಿಲ್ಲ. ದಾರ ತಾನ ಕಡದು ಬಿತ್ತು. ಇಂವ ನೆಲದ ಮ್ಯಾಗಿಂದ ಆರಿಸ್ಕೊಂಡಾನ" ಎಂದ ಕಾಕಾ.

ಕಮಿಟಿಯವರು ನನ್ನನ್ನು ಕರೆದರು. ಕ್ಯಾಮೆರಾದ ಸಣ್ಣ ಪರದೆಯ ಮೇಲೆ ಐದಾರು ತಲೆಗಳು ಬಾಗಿದವು. ಆರನೆಯ ಫೋಟೋ. ಮುಂದೆ ಸಾವ್ಕಾರನ ಮೂತಿ, ಹಿಗ್ಗಿದ ಮೂಗು, ಭುಜದ ಮೇಲೆ ಸ್ಪಷ್ಟವಾಗಿ ಒಂದು ಕೈ, ಬೆರಳುಗಳು ಕೊಬ್ಬರಿಯ ಮೇಲೆ. ನಾನೂ ನೋಡಿದೆ. ಇದ್ದದ್ದು ಹಾಗೆಯೇ ಎಂದು ಆಗ ನಾನೂ ನಂಬಿದೆ.

"ನಾ ಬಾಜೂಕ ನಿಂತಿದ್ನಿ. ಕೈ ಹತ್ತಿಲ್ಲ" ಎಂದು ಕಾಕಾ ಮತ್ತೊಮ್ಮೆ ಹೇಳಿದ.

"ಇಷ್ಟುದ್ದ ಲೆನ್ಸಿಗಿಂತ ನಿಂದು ಕಣ್ಣ ದೊಡ್ಡದೇನೋ ಯಜಮಾನ?" ಎಂದರು ಯಾರೋ. ಜನ ನಕ್ಕರು. ಕಾಕಾ ನನ್ನ ಕಡೆ ಒಮ್ಮೆ ನೋಡಿ, ಸಾವ್ಕಾರನ ಮೂಗುದಾರ ಹಿಡಿದು ನಡೆದ. ಅವತ್ತು ನನ್ನ ಚೀಲಕ್ಕೆ ಗಿಟುಕು ಬೀಳಲಿಲ್ಲ.

ಆ ಫೋಟೋ ನನ್ನ ಜೀವನದ ಅತ್ಯಂತ ಒಳ್ಳೆಯ ಫೋಟೋ. ಎರಡು ದಿನದಲ್ಲಿ ನಾಲ್ಕೂ ತಾಲೂಕಿನ ಮೊಬೈಲುಗಳಲ್ಲಿ ಹರಿದಾಡಿತು. ಬ್ಯಾನರಿಗೆ ಬೇಕೆಂದು ಬಂದವರು, ನಮ್ಮ ಹೋರಿಯದೂ ಹಿಂಗ ತೆಗೀರಿ ಎಂದು ಮುಂಗಡ ಕೊಟ್ಟವರು, ಮದುವೆಗೆ ಹೇಳಿಹೋದವರು. ಮೂರನೆಯ ಸಂಜೆ, ಇನ್ನೂ ದೊಡ್ಡದು ಮಾಡಿಸಲು ಕಂಪ್ಯೂಟರಿನಲ್ಲಿ ಹನ್ನೆರಡನ್ನೂ ಸಾಲಾಗಿ ನೋಡುತ್ತ ಕುಳಿತೆ. ಎಂಟನೆಯದರಲ್ಲಿ ಸಾವ್ಕಾರ ಪಕ್ಕಕ್ಕೆ ಹೊರಳಿತ್ತು. ಹೋರಿಗೂ ಕೆಂಪು ಬನಿಯನ್ನಿಗೂ ನಡುವೆ ಬರಿಯ ನೆಲ. ಎರಡು ಕೈ ಚಾಚಿದರೆ ಒಂದು ಮಾರು ಎನ್ನುತ್ತೇವಲ್ಲ, ಅಂಥ ಮೂರು ಮಾರು. ಕಡಿದ ಸರ ಆ ನೆಲದ ಮೇಲೆ ಬೀಳುತ್ತಿತ್ತು.

ಉದ್ದ ಲೆನ್ಸು ದೂರದ್ದನ್ನು ಹತ್ತಿರ ತರುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ಒಂದರ ಹಿಂದೆ ಒಂದು ಇರುವುದನ್ನು ಎದುರಿನಿಂದ ತೆಗೆದರೆ ಅವೆರಡರ ನಡುವಿನ ಜಾಗವನ್ನು ಅದು ನುಂಗಿಬಿಡುತ್ತದೆ. ಹಿಂದಿನವನ ಕೈ ಮುಂದಿನವನ ಹೆಗಲ ಮೇಲೆ ಬಂದು ಕೂಡುತ್ತದೆ. ಲೆನ್ಸು ಕೊಳ್ಳುವ ಮೊದಲು ನಾನು ಓದಿದ್ದರಲ್ಲಿ ಇದೂ ಇತ್ತು. ಬೆಲೆಯ ಸಾಲು ಹುಡುಕುವ ಅವಸರದಲ್ಲಿ ದಾಟಿಸಿದ್ದೆ.

ನಾನು ಏನು ಮಾಡಿದೆ ಎಂದು ಕೇಳುತ್ತೀರಿ. ಕಂಪ್ಯೂಟರು ಆರಿಸಿ ಊಟಕ್ಕೆ ಹೋದೆ. ಮರುದಿನ ಹೇಳಿದರಾಯಿತು ಅಂದುಕೊಂಡೆ, ಮರುದಿನ ಸವಣೂರಿನಿಂದ ದೊಡ್ಡ ಬ್ಯಾನರಿನ ಗಿರಾಕಿ ಬಂದರು. ಹಂಗಾಮು ಮುಗಿಯಲಿ ಅಂದುಕೊಂಡೆ. ಫೋಟೋ ಸುಳ್ಳು ಎಂದು ಫೋಟೋದವನೇ ಹೇಳಿದರೆ ಅವನ ಅಂಗಡಿಗೆ ಯಾರು ಬರುತ್ತಾರೆ ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಎಲ್ಲರಿಗೂ ಸಲಹೆ ಕೊಡುವವನಿಗೆ ಇದೊಂದು ಅನುಕೂಲ, ತನಗೆ ಬೇಕಾದ ಸಲಹೆ ಮನೆಯಲ್ಲೇ ಸಿಗುತ್ತದೆ. ಅವ್ವ ತವರಿಗೆ ಹೋಗೋಣ ಎಂದಾಗ ಎರಡು ಸಲ ಕೆಲಸದ ನೆಪ ಹೇಳಿದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಕಾಕಾನೇ ಸ್ಟುಡಿಯೋಗೆ ಬಂದ. ಮೊದಲು ಗುರುತು ಹತ್ತಲಿಲ್ಲ. ಮೂಗಿನ ಮೇಲೆ ದಪ್ಪ ಕನ್ನಡಕ. ಮೆಟ್ಟಿಲನ್ನು ಕಾಲಿನಿಂದ ತಡವಿ ತಡವಿ ಹತ್ತಿದ.

"ಇದ್ಯಾವಾಗಿಂದ ಕಾಕಾ?"

"ಆ ಫೋಟೋ ನೋಡಿದ ಮ್ಯಾಲಿಂದ. ಕೈ ಇದ್ದದ್ದ ನನಗ ಕಾಣಲಿಲ್ಲ ಅಂದ್ರ ಕಣ್ಣ ಹ್ವಾದುವು ಅಂತ ಗೊತ್ತಾತು. ಶಿಗ್ಗಾವ್ಯಾಗ ಡಾಕ್ಟರಿಗೆ ತೋರಿಸಿದೆ. ದೂರದ್ದು ಛಲೋ ಕಾಣತೈತಿ, ಕನ್ನಡಕ ಬ್ಯಾಡ ಅಂದ್ರು. ಅವರಿಗೇನ ಗೊತ್ತು, ಅವರು ಫೋಟೋ ನೋಡ್ಯಾರೇನು. ನಾನ ಸಂತ್ಯಾಗ ಇದನ್ನ ತಗೊಂಡೆ."

"ಕಾಣತೈತೇನು?"

"ಮೊದಲಕಿಂತ ಮಬ್ಬ ಕಾಣತೈತಿ. ರೂಢಿ ಆಗಬೇಕಂತ."

ಕುಂತ್ಕೋ ಎಂದೆ. ಕುರ್ಚಿಯನ್ನೂ ತಡವಿಯೇ ಕುಳಿತ.

"ಬಂದದ್ದ ಯಾಕಂದ್ರ," ಎಂದ, "ನಾಡದು ಗಿರಾಕಿ ಬಂದು ಸಾವ್ಕಾರನ್ನ ಒಯ್ತಾನ. ಕಣ್ಣಿಲ್ಲದಾಂವ ಹೋರಿ ಬಿಡಬಾರದಪಾ. ಜನರ ಮೈಮ್ಯಾಲೆ ಹೊಕ್ಕರ ಯಾರು ಜವಾಬ್ದಾರಿ? ಅಂವ ಹಲ್ಲ ನೋಡಬೇಕಂದ, ನೀನ ನೋಡ್ಕೋ, ನನಗ ಕಾಣಂಗಿಲ್ಲ ಅಂದೆ. ಅದು ಹೋಗೂದ್ರಾಗ ಒಂದು ಫೋಟೋ ತಗದು ಕೊಡು."

ನಲವತ್ತು ವರ್ಷ ದನದ ಹಲ್ಲು ನೋಡಿದ ಮನುಷ್ಯ ಗಿರಾಕಿಗೆ ನನಗೆ ಕಾಣುವುದಿಲ್ಲ ಎಂದಿದ್ದ. ಬೇರೆ ಯಾರ ಮಾತನ್ನಾದರೂ ಅವನು ಅಲ್ಲಗಳೆಯುತ್ತಿದ್ದ. ಆ ಲೆನ್ಸನ್ನು ತಾನೇ ರಸ್ತೆಯಲ್ಲಿ ನಡೆಸಿ ನೋಡಿ ಆರಿಸಿದ್ದನಲ್ಲ, ಅದು ತಪ್ಪು ತೋರಿಸೀತೆಂದು ಅವನಿಗೆ ಹೊಳೆಯಲೇ ಇಲ್ಲ.

ನಾನು ಕಂಪ್ಯೂಟರು ಹಚ್ಚಿದೆ. ಆರನೆಯದನ್ನು ತೋರಿಸಿದೆ, ಆಮೇಲೆ ಎಂಟನೆಯದನ್ನು. ಕಾಕಾ ಕನ್ನಡಕ ತೆಗೆದು ನೋಡಿದ, ಹಾಕಿಕೊಂಡು ನೋಡಿದ, ಮತ್ತೆ ತೆಗೆದ. ಪರದೆಯ ಮೇಲೆ ಆ ಬರಿಯ ನೆಲದಲ್ಲಿ ಬೆರಳಿಟ್ಟ.

"ಇದು ಅವತ್ತಿಂದನ?"

"ಅವತ್ತಿಂದನ. ಕಣ್ಣ ತೆರೆದು ಮುಚ್ಚೂದ್ರಾಗ ತಗದದ್ದು."

"ನಿನಗ ಯಾವಾಗ ಗೊತ್ತಾತು?"

ಮೊನ್ನೆ ಎನ್ನಬಹುದಿತ್ತು. ಈಗ ತಾನೇ ನೋಡಿದೆ ಎಂದರೂ ನಂಬುತ್ತಿದ್ದ. "ಮೂರನೇ ದಿನಾನ" ಎಂದೆ.

ಕಾಕಾ ಬೈದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ವ್ಯಾಪಾರಸ್ಥನಿಗೆ ಎದುರಿನವನು ಮಾತಾಡಿದರೆ ದಾರಿ ಸಿಗುತ್ತದೆ. ಅವನು ಕನ್ನಡಕ ಮಡಚಿ ಜೇಬಿಗೆ ಹಾಕಿಕೊಂಡು, "ಒಂದು ವಾಟೆ ನೀರು ಕೊಡು" ಎಂದ. ಕುಡಿದು ಎದ್ದ. ಮೆಟ್ಟಿಲನ್ನು ತಡವದೆ ಇಳಿದ. ಕೆಳಗೆ ನಿಂತು ಹಿಂತಿರುಗಿ, "ಗಿರಾಕಿಗೆ ಬರಬ್ಯಾಡ ಅಂತ ಫೋನ್ ಹಚ್ಚು, ನಂಬರ್ ಹೇಳ್ತೇನಿ" ಎಂದ. ಹಚ್ಚಿದೆ.

ಕಮಿಟಿಯವರ ಹತ್ತಿರ ಹೋದೆ. "ಕೊಟ್ಟ ಬಹುಮಾನ ವಾಪಸ್ ಕೇಳಾಕ ಬರ್ತೈತೇನ್ರಿ? ಆದದ್ದ ಆತು" ಎಂದರು. ಆದದ್ದು ಆಯಿತೆಂದು ಬಿಡಲು ಈ ಸಲ ನನ್ನಿಂದ ಆಗಲಿಲ್ಲ. ಹಂಗಾಮಿನ ಕೊನೆಯ ಸ್ಪರ್ಧೆ ತಿಳವಳ್ಳಿಯಲ್ಲಿತ್ತು. ಹೋರಿ ಬಿಡುವ ಮೊದಲು ಮೈಕು ಕೇಳಿಕೊಂಡು ಹೇಳಿದೆ: ಆ ಫೋಟೋದಲ್ಲಿ ಕಂಡ ಕೈ ಕೊಬ್ಬರಿಗೆ ತಾಗಿರಲಿಲ್ಲ, ಸಾವ್ಕಾರ ಸೋತಿರಲಿಲ್ಲ, ಇದು ನನಗೆ ಮೊದಲೇ ಗೊತ್ತಿತ್ತು. ಎರಡೂ ಫೋಟೋಗಳನ್ನು ದೊಡ್ಡದಾಗಿ ಮಾಡಿಸಿ ಟ್ರ್ಯಾಕ್ಟರಿಗೆ ಕಟ್ಟಿದ್ದೆ.

"ಹಂಗಾರ ನನ್ನ ಮದುವಿ ಫೋಟೋದಾಗ ನಮ್ಮ ಮಾವ ನಕ್ಕದ್ದೂ ಸುಳ್ಳೇನ್ರಿ?" ಎಂದು ಗುಂಪಿನಿಂದ ಒಬ್ಬ ಕೂಗಿದ. ಜನರ ನಗು ಮುಗಿಯುವವರೆಗೆ ಮೈಕು ಹಿಡಿದು ನಿಂತಿದ್ದೆ. ಮುಂದಿನ ಹಂಗಾಮಿಗೆ ಮುಂಗಡ ಕೊಟ್ಟವರಲ್ಲಿ ನಾಲ್ವರು ವಾಪಸು ಕೇಳಿದರು, ಕೊಟ್ಟೆ.

ಅವತ್ತು ಸ್ಪರ್ಧೆ ಮುಗಿದ ಮೇಲೆ ಕೆಂಪು ಬನಿಯನ್ನಿನವನು ಬಂದು ಟ್ರ್ಯಾಕ್ಟರಿನ ಹತ್ತಿರ ನಿಂತ. ಜಗಳಕ್ಕೆ ಬಂದನೆಂದುಕೊಂಡೆ.

"ನೆಲದ ಮ್ಯಾಗಿಂದ ಆರಿಸ್ಕೊಂಡೇನಿ ಅಂತ ಅವತ್ತ ಹೇಳಬೇಕಂದಿದ್ನಿರಿ" ಎಂದ. "ಗೆಳ್ಯಾರು ಎತ್ತಿಬಿಟ್ರು. ಆಮ್ಯಾಲೆ ನಿಮ್ಮ ಫೋಟೋ ನೋಡಿದೆ. ನಾನ ಹರದೇನೇನೋ ಅಂತ ನನಗೂ ಅನಸಾಕತ್ತಿತ್ತು."

ಕಾಕಾ ಪಕ್ಕದಲ್ಲೇ ಇದ್ದ, ಕೇಳಿಸಿಕೊಂಡ. ಕೆಂಪು ಬನಿಯನ್ನಿನವನು ಹೋದ ಮೇಲೆ ಟ್ರ್ಯಾಕ್ಟರಿಗೆ ಕಟ್ಟಿದ ಎರಡರಲ್ಲಿ ಆರನೆಯ ಫೋಟೋ ಬಿಚ್ಚಿಸಿಕೊಂಡ.

"ಅದ್ಯಾಕ ಕಾಕಾ, ಇನ್ನೊಂದ ತಗೋ. ಖರೇದ್ದು ಅದು."

"ಅದರಾಗ ಸಾವ್ಕಾರನ ಮುಕಳಿ ಕಾಣತೈತಿ. ಇದರಾಗ ಮಾರಿ ಛಲೋ ಬಂದೈತಿ."

"ಆ ಕೈ ಅಳಿಸಿ ಕೊಡ್ತೇನಿ. ಕಂಪ್ಯೂಟರಿನ್ಯಾಗ ಐದು ನಿಮಿಷದ ಕೆಲಸ."

"ಬ್ಯಾಡ. ಅಂವನೂ ಓಡಿ ಬಂದಿದ್ನಲ್ಲ, ಇರ್ಲಿ. ಕೆಳಗ ಒಂದು ಸಾಲ ಬರದು ಕೊಡು."

ಅವನು ಹೇಳಿದಂತೆ ಬರೆದುಕೊಟ್ಟೆ. ಹತ್ತಿಮತ್ತೂರಿನ ಆ ಮನೆಯ ಪಡಸಾಲೆಯಲ್ಲಿ ಈಗಲೂ ಇದೆ: ‘ಕೈಗೂ ಕೊಬ್ಬರಿಗೂ ನಡುವ ಮೂರು ಮಾರು ದೂರ.’

ಇದನ್ನೆಲ್ಲ ಅಕ್ಕಾವರಿಗೆ ಹೇಳಿ ಮುಗಿಸುವ ಹೊತ್ತಿಗೆ ಚಹಾ ಆರಿತ್ತು. ಅವರು ಲೆನ್ಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು.

"ಹಂಗಾರ ತಗೋಬ್ಯಾಡ ಅಂತೀರೇನ್ರಿ?"

"ತಗೋರಿ. ಹಕ್ಕಿಗೆ ಇದ ಬೇಕು."

ಕ್ಯಾಮೆರಾಕ್ಕೆ ಹಚ್ಚಿ ಅವರ ಕೈಗೆ ಕೊಟ್ಟು ಬಾಗಿಲಿಗೆ ಕರೆತಂದೆ. ರಸ್ತೆಯ ಆ ತುದಿಯಲ್ಲಿ ಬಾಳೆಹಣ್ಣಿನ ಗಾಡಿ, ಅದರ ಹಿಂದೆ ನಿಂತ ಬಸ್ಸು. ನೋಡಿ, ಎರಡರ ನಡುವೆ ಎಷ್ಟು ದೂರ ಇದೆ ಹೇಳಿ ಎಂದೆ. ಬಸ್ಸು ಗಾಡಿಗೆ ಆತುಕೊಂಡೇ ನಿಂತಿದೆ ಎಂದರು. ಹೋಗಿ ಅಳತೆ ಮಾಡಿಕೊಂಡು ಬನ್ನಿ, ಬೆಲೆಯ ಮಾತು ಆಮೇಲೆ ಎಂದೆ. ಅವರು ನಗುತ್ತ ಕ್ಯಾಮೆರಾ ನನ್ನ ಕೈಗಿಟ್ಟು, ಸೆರಗು ಸಿಕ್ಕಿಸಿಕೊಂಡು ರಸ್ತೆಗೆ ಇಳಿದರು. ಗಾಡಿಯನ್ನು ಮುಟ್ಟಿ, ಅಲ್ಲಿಂದ ಬಸ್ಸಿನ ಕಡೆಗೆ ಒಂದೊಂದೇ ಹೆಜ್ಜೆ ಎಣಿಸುತ್ತ ನಡೆಯತೊಡಗಿದರು. ಬಾಳೆಹಣ್ಣಿನವನು ಇದೇನೆಂದು ತಿಳಿಯದೆ ನೋಡುತ್ತಿದ್ದ. ಲೆನ್ಸನ್ನು ಕಣ್ಣಿಗೆ ಹಿಡಿಯದೆ ನಾನು ಬಾಗಿಲಲ್ಲೇ ನಿಂತೆ. ಹದಿನೈದಾಯಿತು, ಹದಿನಾರಾಯಿತು, ಅವರು ಇನ್ನೂ ನಡೆಯುತ್ತಲೇ ಇದ್ದರು.